ಗೋಡೆ ಮುಖದ ಹೀರೋಗಳು

ಕನ್ನಡಕದಂಗಡಿಯ ಯಜಮಾನರ ಪ್ರಕಾರ ಕಳೆದ ಎರಡು ವರ್ಷಗಳಿಂದ ಯಾವ ಹೀರೋಗೂ ನಟನೆ ಬರುತ್ತಿಲ್ಲ. ಗಡ್ಡದ ಹೀರೋ, ಉದ್ದ ಕಾಲಿನ ಹೀರೋ, ಕೆನ್ನೆಯಲ್ಲಿ ಗುಳಿ ಬೀಳುವ ಹೀರೋ, ಎಲ್ಲರೂ ಮೊದಲೇ ಮಾತಾಡಿಕೊಂಡವರಂತೆ ಒಟ್ಟಿಗೇ ಕೆಟ್ಟುಹೋದರು. ಕುಣಿಯುವುದೇನೋ ಕುಣಿಯುತ್ತಾರೆ, ಹೊಡೆದಾಡುವುದೇನೋ ಹೊಡೆದಾಡುತ್ತಾರೆ. ಕ್ಯಾಮೆರಾ ಹತ್ತಿರ ಬಂದು, ಈಗ ಮುಖದಲ್ಲಿ ಏನಾದರೂ ಮಾಡಪ್ಪ ಎಂದು ಕೇಳಿದಾಗ ಮಾತ್ರ ಗೋಡೆ. ಸುಣ್ಣ ಬಳಿದ ಬರೀ ಗೋಡೆ.

ಈ ಅಭಿಪ್ರಾಯವನ್ನು ಅವರು ಗಿರಾಕಿಗಳಿಗೆ ಪುಕ್ಕಟೆಯಾಗಿ ಹಂಚುತ್ತಿದ್ದರು. ಕಣ್ಣು ಪರೀಕ್ಷೆಗೆ ಕೂತವರ ಮೂಗಿನ ಮೇಲೆ, ಗಾಜು ಬದಲಾಯಿಸಿ ನೋಡುವ ಆ ಭಾರದ ಕಬ್ಬಿಣದ ಫ್ರೇಮು ಇರುತ್ತದೆ. ಎದ್ದು ಓಡುವ ಹಾಗಿಲ್ಲ. "ಇದು ಸ್ಪಷ್ಟನಾ, ಅದು ಸ್ಪಷ್ಟನಾ?" ಎಂದು ಕೇಳುವುದರ ನಡುವೆ ಯಜಮಾನರು ಹೋದ ಭಾನುವಾರದ ಸಿನಿಮಾದ ಹೀರೋನನ್ನು ಹಿಡಿದು ಜಾಡಿಸುತ್ತಿದ್ದರು. ಗಿರಾಕಿ ತಲೆಯಾಡಿಸಿದರೆ ಫ್ರೇಮು ಅಲುಗಾಡುತ್ತದೆ, ಆದ್ದರಿಂದ ತಲೆಯಾಡಿಸಬೇಡಿ ಎಂದು ಗದರುತ್ತಲೂ ಇದ್ದರು. ಒಪ್ಪಿಗೆಯೂ ಇಲ್ಲ, ವಿರೋಧವೂ ಇಲ್ಲ, ಹೀಗೆ ಕೇಳಿಸಿಕೊಂಡವರು ಚೀಟಿ ತೆಗೆದುಕೊಂಡು ಹೊರಟುಹೋಗುತ್ತಿದ್ದರು. ಆಮೇಲೆ ಅಂಗಡಿಯಲ್ಲಿ ಉಳಿಯುತ್ತಿದ್ದದ್ದು ಯಜಮಾನರು ಮತ್ತು ಗೋಡೆಗೆ ಸಾಲಾಗಿ ನೇತುಹಾಕಿದ ಮುನ್ನೂರು ಚಿಲ್ಲರೆ ಖಾಲಿ ಕನ್ನಡಕಗಳು. ಅಷ್ಟು ಕನ್ನಡಕಗಳು ಒಟ್ಟಿಗೆ ನೋಡುತ್ತಿದ್ದರೂ ಒಂದಕ್ಕೂ ಕಣ್ಣಿಲ್ಲ. ಕೆಲವು ಸಂಜೆ ಯಜಮಾನರು ಅವುಗಳಿಗೂ ಸಿನಿಮಾ ವಿಮರ್ಶೆ ಹೇಳಿದ್ದುಂಟು.

ಹಾಗಂತ ಅವರೇನು ಸಿನಿಮಾ ಪಂಡಿತರಲ್ಲ. ವಾರಕ್ಕೊಂದು, ಭಾನುವಾರ ಮಧ್ಯಾಹ್ನದ ಆಟ. ನಿರ್ದೇಶಕ ಯಾರು ಎಂದು ಕೇಳಿದರೆ ಗೊತ್ತಿಲ್ಲ, ಕಥೆ ಮಂಗಳವಾರದ ಹೊತ್ತಿಗೆ ಮರೆತುಹೋಗುತ್ತಿತ್ತು. ನೆನಪಿನಲ್ಲಿ ಉಳಿಯುತ್ತಿದ್ದದ್ದು ಮುಖ, ಅದರಲ್ಲೂ ಕಣ್ಣು. ಮೂವತ್ತೊಂದು ವರ್ಷ ಜನರ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದ ಮನುಷ್ಯನಿಗೆ ಯಾರ ಕಣ್ಣೀರು ಒಳಗಿನಿಂದ ಬಂತು, ಯಾರದ್ದು ಬಾಟಲಿಯಿಂದ ಬಂತು ಎಂದು ಹೇಳಿಕೊಡಬೇಕಾಗಿಲ್ಲ. ಹಿಂದೊಮ್ಮೆ ಗುಳಿಕೆನ್ನೆಯವನು ಅವಳಿ ಪಾತ್ರ ಮಾಡಿದ್ದ, ಒಬ್ಬ ಗುಮಾಸ್ತ, ಇನ್ನೊಬ್ಬ ಕಳ್ಳ. ಎಲ್ಲರೂ ಮೀಸೆ ನೋಡಿ ಗುರುತು ಹಿಡಿದರೆ ಯಜಮಾನರು ರೆಪ್ಪೆ ನೋಡಿ ಗುರುತು ಹಿಡಿದಿದ್ದರು. ಗುಮಾಸ್ತ ಒಂದೇ ಸಮನೆ ರೆಪ್ಪೆ ಬಡಿಯುತ್ತಾನೆ, ಕಳ್ಳ ಬಡಿಯುವುದೇ ಇಲ್ಲ. ಅದು ನಟನೆ ಅಂದರೆ, ಎಂದು ದಾರಿಯುದ್ದಕ್ಕೂ ಹೊಗಳಿದ್ದರು.

ಆಗ ಪಕ್ಕದಲ್ಲಿ ಹೆಂಡತಿ ನಡೆಯುತ್ತಿದ್ದಳು. ಚಿತ್ರಮಂದಿರದಿಂದ ಮನೆಗೆ ಇಪ್ಪತ್ತೈದು ನಿಮಿಷದ ದಾರಿ. ಇಪ್ಪತ್ತನಾಲ್ಕು ನಿಮಿಷ ಯಜಮಾನರು ಮಾತಾಡುವುದು, ಅವಳು ಹೂಂ ಅನ್ನುವುದು. ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವಾಗ ಅವಳು ಒಂದೇ ಒಂದು ಮಾತು ಹೇಳುತ್ತಿದ್ದಳು, ಇವರ ಇಪ್ಪತ್ತನಾಲ್ಕು ನಿಮಿಷವೂ ನೆಲಕ್ಕೆ ಬೀಳುತ್ತಿತ್ತು. ಅವತ್ತು ಅವಳು ಕೇಳಿದ್ದು, ಕಳ್ಳರು ರೆಪ್ಪೆ ಬಡಿಯಲ್ಲ ಅಂತ ನಿಮಗೆ ಹೇಗೆ ಗೊತ್ತು, ಎಷ್ಟು ಜನ ಕಳ್ಳರಿಗೆ ಕನ್ನಡಕ ಮಾಡಿಕೊಟ್ಟಿದ್ದೀರಿ ಎಂದು. ಯಜಮಾನರು ರಾತ್ರಿ ಊಟ ಮುಗಿಯುವವರೆಗೂ ಉತ್ತರ ಹುಡುಕಿ ಸೋತಿದ್ದರು. ಸೋಲುವುದರಲ್ಲೂ ಸುಖವಿತ್ತು ಎಂದು ಅವರಿಗೆ ಗೊತ್ತಾದದ್ದು ಅವಳು ಹೋದ ಮೇಲೆ.

ಅವಳು ಹೋಗಿ ಎರಡು ವರ್ಷ ದಾಟಿತು. ಮಕ್ಕಳಿರಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಎರಡು ಕುರ್ಚಿ, ಒಂದರ ಮೇಲೆ ಯಜಮಾನರು, ಇನ್ನೊಂದರ ಮೇಲೆ ಒಗೆದ ಬಟ್ಟೆ. ಸಿನಿಮಾಕ್ಕೆ ಜೊತೆಯಾದವನು ಅವಳ ತಮ್ಮ. ಅವನಿಗೆ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ, ಎಲ್ಲರಿಗೂ ಡ್ರಿಲ್ ಮಾಸ್ಟರ್. ಶಾಲೆಯಲ್ಲಿ ಮೂವತ್ತು ವರ್ಷ ಸೀಟಿ ಊದಿ ನಿವೃತ್ತನಾದ ಬ್ರಹ್ಮಚಾರಿ. ಈಗಲೂ ರಸ್ತೆ ದಾಟುವಾಗ ಎಡ ಬಲ ಎಂದು ತುಟಿಯಲ್ಲೇ ಅಂದುಕೊಳ್ಳುತ್ತಾನೆ. ಅಕ್ಕ ತೀರಿಕೊಂಡ ಒಂದು ತಿಂಗಳಿಗೆ, ಭಾನುವಾರ ತಾನಾಗಿ ಬಂದು, ಏಳಿ ಭಾವ, ಆಟಕ್ಕೆ ಹೊತ್ತಾಯ್ತು ಎಂದಿದ್ದ. ಅಂದಿನಿಂದ ಪ್ರತಿ ಭಾನುವಾರ ಇಬ್ಬರೂ ಹಿಂದಿನ ಕೊನೇ ಸಾಲಿನಲ್ಲಿ, ಅವಳಿಗೆ ಇಷ್ಟವಿದ್ದ ಅದೇ ಸಾಲಿನಲ್ಲಿ ಕೂರುತ್ತಿದ್ದರು. ಸ್ವಲ್ಪ ಮುಂದೆ ಕೂರೋಣ ಎಂದು ಅವನು ಎರಡು ಮೂರು ಸಲ ಹೇಳಿ ನೋಡಿದ್ದ. ಯಜಮಾನರು ಜಪ್ಪಯ್ಯ ಅಂದರೂ ಕೇಳಿರಲಿಲ್ಲ.

ಡ್ರಿಲ್ ಮಾಸ್ಟರ್ ಅಕ್ಕನ ಹಾಗಲ್ಲ, ಒಂದೇ ಮಾತಿಗೆ ಬೀಳಿಸುವ ಕಲೆ ಅವನಿಗಿಲ್ಲ. ಅವನು ಎದುರಾಡುತ್ತಿದ್ದ. ಗಡ್ಡದ ಹೀರೋ ಚೆನ್ನಾಗಿ ಮಾಡಿದ್ದಾನೆ ಭಾವ ಎಂದು ಅವನು, ಕಡ್ಡಿ ಹಾಗೆ ನಿಂತಿದ್ದ ಎಂದು ಇವರು. ಮಾತಿಗೆ ಮಾತು ಬೆಳೆದು, ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಇಬ್ಬರಿಗೂ ಗಂಟಲು ಒಣಗಿ, ಟೀ ಕುಡಿದು ರಾಜಿಯಾಗುತ್ತಿತ್ತು. ಒಂಬತ್ತು ವಾರದ ಹಿಂದೆ ಮಾತ್ರ ರಾಜಿಯಾಗಲಿಲ್ಲ.

ಅದು ಉದ್ದ ಕಾಲಿನವನ ಸಿನಿಮಾ. ರೈಲು ದಾಟುವ ಕಡೆ ಗೇಟು ಹಾಕಿ ತೆಗೆಯುವವನ ಪಾತ್ರ. ಒಂದು ದೃಶ್ಯದಲ್ಲಿ ಅವನಿಗೆ ಫೋನು ಬರುತ್ತದೆ, ಹೆಂಡತಿ ಹೋದಳು ಎಂದು. ಅದೇ ಹೊತ್ತಿಗೆ ರೈಲು ಬರುವುದಿದೆ. ಅವನು ಫೋನು ಇಟ್ಟು, ಗೇಟು ಹಾಕಿ, ರೈಲು ಹೋಗುವವರೆಗೆ ನಿಂತು, ಗೇಟು ತೆಗೆಯುತ್ತಾನೆ. ಸಂಗೀತವಿಲ್ಲ, ಮಾತಿಲ್ಲ, ಅವನ ಮುಖ ಪರದೆ ತುಂಬ ಎರಡು ನಿಮಿಷ. ಯಜಮಾನರಿಗೆ ಆ ಎರಡು ನಿಮಿಷ ಗೋಡೆ ನೋಡಿದಂತಾಗಿ ಆಕಳಿಕೆ ಬಂತು. ಪಕ್ಕಕ್ಕೆ ತಿರುಗಿದರೆ ಡ್ರಿಲ್ ಮಾಸ್ಟರ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದ.

ಹೊರಗೆ ಬಂದ ಮೇಲೆ ಯಜಮಾನರು ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾಯಮಾನ ಅವರದಲ್ಲ. ಹೆಂಡತಿ ಸತ್ತ ಸುದ್ದಿ ಕೇಳಿದವನ ಮುಖ ಅದಾ, ವಿದ್ಯುತ್ ಬಿಲ್ಲು ಬಂದವನ ಮುಖದಲ್ಲಾದರೂ ಅದಕ್ಕಿಂತ ಹೆಚ್ಚು ನೋವಿರುತ್ತೆ ಎಂದು ನಕ್ಕರು. ಡ್ರಿಲ್ ಮಾಸ್ಟರ್ ನಗಲಿಲ್ಲ. ಮೆಟ್ಟಿಲ ಹತ್ತಿರ ನಿಂತು ಹೇಳಿದ:

"ಅಕ್ಕ ಹೋದ ದಿನ ನೀವೂ ಹಾಗೇ ಕೂತಿದ್ರಿ, ಭಾವ."

ಯಜಮಾನರಿಗೆ ಎಲ್ಲೋ ಚುರುಕ್ ಎಂದಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರು ಬಂದು ಹೇಳಿದಾಗ ಅವರು ಅತ್ತಿರಲಿಲ್ಲ. ಜೇಬಿನಲ್ಲಿದ್ದ ಅವಳ ಕನ್ನಡಕ ತೆಗೆದು ಒರೆಸುತ್ತ ಕೂತಿದ್ದರು. ಒಂದು ಗಂಟೆ ಒರೆಸಿರಬೇಕು. ಬಂದ ನೆಂಟರೆಲ್ಲ ಅದನ್ನೇ ಆಡಿಕೊಂಡರು, ಒಂದು ಹನಿ ಕಣ್ಣೀರು ಹಾಕಲಿಲ್ಲ, ಕಲ್ಲು ಮನುಷ್ಯ ಎಂದು. ಅತ್ತಿಗೆಯೊಬ್ಬಳು ಕಿವಿಗೆ ಬೀಳುವ ಹಾಗೇ ಹೇಳಿದ್ದಳು. ಆ ಮಾತುಗಳನ್ನೆಲ್ಲ ಯಜಮಾನರು ನುಂಗಿಕೊಂಡಿದ್ದರು. ಈಗ ಇವನೂ ಅದನ್ನೇ ಎತ್ತಿ ಆಡಿದ ಎಂದು ಪಿತ್ತ ನೆತ್ತಿಗೇರಿತು. ಇನ್ನು ನೀನು ಬರಬೇಡ, ನಾನೊಬ್ಬನೇ ನೋಡ್ತೀನಿ ಎಂದು ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡರು.

ಡ್ರಿಲ್ ಮಾಸ್ಟರ್ ಶಿಸ್ತಿನ ಮನುಷ್ಯ. ಬರಬೇಡ ಎಂದರೆ ಬರುವುದಿಲ್ಲ.

ಒಂಬತ್ತು ಭಾನುವಾರ ಯಜಮಾನರು ಒಬ್ಬರೇ ಹೋದರು. ಟಿಕೆಟ್ಟಿನ ಕಿಟಕಿಯವನು ಮೊದಲ ವಾರ, ಎರಡಲ್ವಾ ಎಂದು ಕೇಳಿದ, ಆಮೇಲೆ ಕೇಳುವುದು ಬಿಟ್ಟ. ಒಂಬತ್ತು ಹೀರೋಗಳನ್ನು ನೋಡಿದರು, ಒಂಬತ್ತೂ ಗೋಡೆ. ಇಪ್ಪತ್ತೈದು ನಿಮಿಷದ ದಾರಿಯಲ್ಲಿ ಬಾಯಿಗೆ ಬೀಗ. ಮೆಟ್ಟಿಲು ಹತ್ತುವಾಗ ಏನೋ ಒಂದು ಮಾತಿಗೆ ಕಾಯುವ ಅಭ್ಯಾಸ ಮಾತ್ರ ಕಾಲಿಗೆ ಉಳಿದುಬಿಟ್ಟಿತ್ತು. ಮೂರನೇ ಮೆಟ್ಟಿಲಲ್ಲಿ ಅದು ತಾನಾಗಿ ನಿಲ್ಲುತ್ತಿತ್ತು. ಅವನಿಗೆ ಫೋನು ಮಾಡಲೇ ಎಂದು ಎಷ್ಟೋ ಸಲ ಅನಿಸಿತು. ಮಾಡಿ ಏನು ಹೇಳುವುದು? ತಪ್ಪು ಅವನದು. ಆದರೆ ಅವಳನ್ನು ಅಕ್ಕ ಎಂದು ಕರೆಯುವ ಬಾಯಿ ಈ ಪ್ರಪಂಚದಲ್ಲಿ ಇನ್ನು ಒಂದೇ ಉಳಿದಿದೆ, ಅದನ್ನು ತಾನೇ ಮುಚ್ಚಿಸಿದೆ ಎಂಬುದು ಯಜಮಾನರಿಗೆ ಊಟದ ತಟ್ಟೆಯ ಮುಂದೆ ಕೂತಾಗಲೆಲ್ಲ ನೆನಪಾಗುತ್ತಿತ್ತು.

ಹತ್ತನೇ ವಾರ, ಶುಕ್ರವಾರ ಮಧ್ಯಾಹ್ನ, ಲೆನ್ಸ್ ಕಂಪನಿಯ ಏಜೆಂಟು ಕಣ್ಣು ಪರೀಕ್ಷೆಯ ಹೊಸ ಚಾರ್ಟು ತಂದ. ಹಳೆಯದು ಹಳದಿಯಾಗಿದೆ, ಓದಲಾಗುತ್ತಿಲ್ಲ ಎಂದು ಗಿರಾಕಿಯೊಬ್ಬರು ಗೊಣಗಿದ್ದಕ್ಕೆ ಯಜಮಾನರೇ ಹೇಳಿ ತರಿಸಿದ್ದು. ಓದಲಾಗುತ್ತಿಲ್ಲವಂತೆ! ತಾನು ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಗಿರಾಕಿಯ ಕುರ್ಚಿಯಲ್ಲಿ ಕೂತು, ಎದುರುಗೋಡೆಯ ಚಾರ್ಟಿನ ತೀರಾ ಸಣ್ಣ ಅಂಕಿಗಳ ಸಾಲನ್ನು ಒಂದು ಸಲ ಓದಿಯೇ ಕೆಲಸಕ್ಕೆ ಕೈಹಾಕುವುದು. ಮೂವತ್ತೊಂದು ವರ್ಷದ ಪದ್ಧತಿ. ಅರವತ್ತೆರಡು ತುಂಬಿದರೂ ಒಂದಂಕಿ ತಪ್ಪಿಲ್ಲ. ಅಷ್ಟೇ ಯಾಕೆ, ಐವತ್ತಕ್ಕೆ ಹಾಕಿದ ಓದುವ ಕನ್ನಡಕವೂ ಹೋದ ವರ್ಷದಿಂದ ಬೇಡವಾಗಿ ಮೇಜಿನ ಡ್ರಾಯರ್ ಸೇರಿತ್ತು. ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಬರಿಗಣ್ಣಲ್ಲಿ ಕೂರಿಸುತ್ತೇನೆ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಏಜೆಂಟು ಸ್ಟೂಲು ಹತ್ತಿ ಚಾರ್ಟು ಬಿಗಿದ. ನೆಟ್ಟಗಿದೆಯಾ ನೋಡಿ ಸಾರ್ ಎಂದ. ಯಜಮಾನರು ಒಳಗಿನಿಂದ ಬಂದು ಕುರ್ಚಿಯಲ್ಲಿ ಕೂತು, ಅಭ್ಯಾಸದಂತೆ ಗಡಗಡ ಓದಿದರು.

"ಏಳು, ನಾಲ್ಕು, ಎರಡು, ಒಂಬತ್ತು, ಮೂರು, ಆರು."

ಏಜೆಂಟು ತಮಾಷೆ ಎಂದುಕೊಂಡು ಜೋರಾಗಿ ನಕ್ಕ. "ಅದು ಹಳೇ ಚಾರ್ಟು ಸಾರ್. ಅದು ನಿಮ್ಮ ಕಾಲ ಹತ್ರ ಬಿದ್ದಿದೆ."

ಯಜಮಾನರೂ ನಕ್ಕರು. ನಗದೆ ಏನು ಮಾಡುವುದು. ಅವನನ್ನು ಕಳಿಸಿ, ಷಟರು ಅರ್ಧ ಇಳಿಸಿ, ಮತ್ತೆ ಬಂದು ಕೂತರು. ಮೊದಲ ಸಾಲು ಓದಿದರು. ಎರಡು, ಮೂರು ಓದಿದರು. ನಾಲ್ಕನೆಯದರಲ್ಲಿ ಅದು ಮೂರೋ ಎಂಟೋ ತಿಳಿಯಲಿಲ್ಲ. ಅದರ ಕೆಳಗೆ ಮೂರು ಸಾಲು ಇರುವೆ ಹರಿದಂತಿತ್ತು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಎರಡೂ ಅಷ್ಟೇ.

ಓದುವ ಕನ್ನಡಕ ಬೇಡವಾಯ್ತು ಎಂದು ಕುಣಿದಾಡಿಕೊಂಡು ಬರುವ ಮುದುಕರಿಗೆ ಯಜಮಾನರು ಎಷ್ಟು ಸಲ ಬುದ್ಧಿ ಹೇಳಿಲ್ಲ! ಸಂತೋಷ ಪಡಬೇಡಿ, ಪೊರೆ ಶುರುವಾಗೋ ಮುಂಚೆ ಹೀಗೇ ಆಸೆ ತೋರಿಸುತ್ತೆ, ಹತ್ತಿರದ್ದು ಕೊಟ್ಟು ದೂರದ್ದು ಕಸಿದುಕೊಳ್ಳುತ್ತೆ, ಡಾಕ್ಟರ ಹತ್ತಿರ ಹೋಗಿ ಎಂದು. ತಿಂಗಳಿಗೆ ನಾಲ್ಕು ಜನಕ್ಕಾದರೂ ಹೇಳುವ ಮಾತು. ಅದನ್ನು ಹೇಳುವ ಬಾಯಿಯ ಮೇಲೇ ಎರಡು ಕಣ್ಣಿವೆ ಎಂಬುದು ಮಾತ್ರ ಹೊಳೆದಿರಲಿಲ್ಲ. ದಿನಾ ಬೆಳಿಗ್ಗೆ ಓದಿದ್ದು ಕಣ್ಣಲ್ಲ, ನಾಲಿಗೆ.

ಈ ಕಳ್ಳಾಟ ಹೆಂಡತಿಗೆ ಗೊತ್ತಿತ್ತು. ಅಂಗಡಿ ತೆರೆದ ದಿನ ಬಂತೆಂದರೆ ವರ್ಷಕ್ಕೊಂದು ಸಲ ಗಂಡನನ್ನು ಕೂರಿಸಿ ಅವಳೇ ಪರೀಕ್ಷೆ ಮಾಡುತ್ತಿದ್ದಳು. ಚಾರ್ಟು ನಿಮಗೆ ಬಾಯಿಪಾಠ, ಅದು ನಡೆಯಲ್ಲ ಎಂದು ಬೇರೆಯದೇ ಒಂದು ರಟ್ಟಿನ ಚೀಟಿ ತಂದು ಗೋಡೆಗೆ ಅಂಟಿಸುತ್ತಿದ್ದಳು. ಅಚ್ಚು ಹಾಕಿದಂತೆ ದುಂಡನೆಯ ಅಂಕಿಗಳು, ಪ್ರತಿ ವರ್ಷ ಹೊಸದು. ಪರೀಕ್ಷೆ ಮುಗಿದ ಕೂಡಲೇ ಹರಿದುಹಾಕುತ್ತಿದ್ದಳು. ಅವಳು ಹೋದ ಮೇಲೆ ಎರಡು ಸಲ ಆ ದಿನ ಬಂದು ಹೋಗಿತ್ತು, ಯಾರೂ ಚೀಟಿ ಅಂಟಿಸಿರಲಿಲ್ಲ.

ಹಾಗಾದರೆ ಗಡ್ಡದವನು? ಗುಳಿಕೆನ್ನೆಯವನು? ಎರಡು ವರ್ಷದಲ್ಲಿ ನೂರು ಸಿನಿಮಾದ ನೂರು ಮುಖಗಳು ಯಜಮಾನರ ಮುಂದೆ ಬಂದು ನಿಂತವು. ಪಾಪ, ಅವರೆಲ್ಲ ಏನೇನು ಮಾಡಿದ್ದರೋ.

ಆ ಭಾನುವಾರ ಗೇಟಿನವನ ಸಿನಿಮಾ ಅದೇ ಚಿತ್ರಮಂದಿರಕ್ಕೆ, ಮಧ್ಯಾಹ್ನದ ಒಂದೇ ಆಟಕ್ಕೆ ಮತ್ತೆ ಬಂದಿತ್ತು. ಯಜಮಾನರು ಪರೀಕ್ಷೆಯ ಕಬ್ಬಿಣದ ಫ್ರೇಮನ್ನೇ ಜೇಬಿನಲ್ಲಿಟ್ಟುಕೊಂಡು, ಅಂದಾಜಿನ ಮೇಲೆ ದೂರದ ಗಾಜು ಹಾಕಿ, ದೀಪ ಆರಿದ ಮೇಲೆ ಮೂಗಿಗೇರಿಸಿದರು. ಎರಡು ಕುರ್ಚಿ ಆಚೆ ಕೂತಿದ್ದ ಹೆಂಗಸು ತಿರುಗಿ ನೋಡಿ, ತನ್ನ ಚೀಲವನ್ನು ಈಚೆಯಿಂದ ಆಚೆಗೆ ಇಟ್ಟುಕೊಂಡಳು.

ಫೋನು ಬಂತು. ಗೇಟು ಬಿತ್ತು. ಪರದೆ ತುಂಬ ಅದೇ ಮುಖ. ಆದರೆ ಅದು ಗೋಡೆಯಾಗಿರಲಿಲ್ಲ. ಹುಬ್ಬು ಅಲುಗಾಡಲಿಲ್ಲ, ತುಟಿ ಅಲುಗಾಡಲಿಲ್ಲ, ನಿಜ. ಆದರೆ ರೈಲಿನ ಒಂದೊಂದು ಡಬ್ಬಿ ದಾಟಿದಾಗಲೂ ಕೆಳಗಿನ ರೆಪ್ಪೆ ಒಂದು ಕೂದಲೆಳೆಯಷ್ಟು ನಡುಗಿ ನಿಲ್ಲುತ್ತಿತ್ತು. ಕಣ್ಣು ತುಂಬಿ, ತುಳುಕದೆ, ಹಾಗೇ ಒಳಗೆ ಇಳಿದುಹೋಗುತ್ತಿತ್ತು. ಕೈ ಮಾತ್ರ ಗೇಟಿನ ಹಿಡಿಯನ್ನು ಒರೆಸುತ್ತಲೇ ಇತ್ತು. ಇಷ್ಟೆಲ್ಲ ಇತ್ತು. ಮೊದಲೂ ಇತ್ತು.

ಯಜಮಾನರಿಗೆ ಆಸ್ಪತ್ರೆಯ ಮೊಗಸಾಲೆ ಎದ್ದು ಬಂತು. ಬೆಂಚಿನ ಮೇಲೆ ತಾನು, ಕೈಯಲ್ಲಿ ಅವಳ ಕನ್ನಡಕ. ಎದುರಿನ ಬೆಂಚಿನಲ್ಲಿ ಆ ಒಂದು ಗಂಟೆಯೂ ಕೂತಿದ್ದವನು ಯಾರು? ನೆಂಟರೆಲ್ಲ ಬಂದದ್ದು ಆಮೇಲೆ. ಅಷ್ಟು ಹೊತ್ತು ತನ್ನ ಮುಖವನ್ನು ಹತ್ತಿರದಿಂದ ನೋಡಿದವನು ಡ್ರಿಲ್ ಮಾಸ್ಟರ್ ಒಬ್ಬನೇ. ನೀವೂ ಹಾಗೇ ಕೂತಿದ್ರಿ ಎಂದು ಅವನು ಹಂಗಿಸಿದ್ದಲ್ಲ. ನಾನು ನೋಡಿದ್ದೆ ಭಾವ, ನಿಮಗೆ ಏನಾಯ್ತು ಅಂತ ನನಗೆ ಗೊತ್ತು ಎಂದು ಹೇಳಿದ್ದು. ಎರಡು ವರ್ಷದಲ್ಲಿ ಅಂಥ ಮಾತು ಹೇಳಿದವನು ಅವನೊಬ್ಬನೇ, ಅವನ ಮುಖಕ್ಕೇ ಬಾಗಿಲು ಹಾಕಿದ್ದಾಯಿತು. ಆ ಹೆಂಗಸು ಇನ್ನೊಂದು ಸಲ ತಿರುಗಿ ನೋಡಿದಾಗ ಯಜಮಾನರು ಕಬ್ಬಿಣದ ಫ್ರೇಮು ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಸಿನಿಮಾ ಮುಗಿಯುವ ತನಕ ಕಾಯಲಿಲ್ಲ.

ಡ್ರಿಲ್ ಮಾಸ್ಟರ್ ಇದ್ದದ್ದು ಶಾಲೆಯ ಹಿಂದಿನ ಉದ್ದನೆಯ ಕಟ್ಟಡದ ಕೊನೇ ಕೋಣೆಯಲ್ಲಿ. ಯಜಮಾನರು ಅಂಗಡಿಗೆ ಹೋಗಿ ಗಾಜಿನ ಪೆಟ್ಟಿಗೆ ತೆಗೆದುಕೊಂಡು, ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿಗೆ ಮುಟ್ಟಿದರು. ಅವನು ಬಾಗಿಲು ತೆಗೆದ. ಪಕ್ಕಕ್ಕೆ ಸರಿದು ನಿಂತ. ಮೊಳೆಗೆ ಸೀಟಿ ತೂಗುತ್ತಿತ್ತು. ಇಲ್ಲಿಯೂ ಎರಡು ಕುರ್ಚಿ, ಒಂದರ ಮೇಲೆ ಒಗೆದ ಬಟ್ಟೆ. ಯಜಮಾನರು ಗಾಜಿನ ಪೆಟ್ಟಿಗೆಯನ್ನು ಮಂಚದ ಮೇಲಿಟ್ಟರು.

"ಕಣ್ಣು ಪರೀಕ್ಷೆ ಮಾಡ್ಬೇಕಿತ್ತು," ಎಂದರು.

"ಯಾರದ್ದು?"

"ನಂದೇ. ಒಬ್ಬನೇ ಮಾಡ್ಕೊಳ್ಳಕ್ಕಾಗಲ್ಲ, ಚಾರ್ಟೆಲ್ಲ ಬಾಯಿಪಾಠ. ನಿನ್ನಕ್ಕ ಆದ್ರೆ ಚೀಟಿ ಬರೀತಿದ್ಲು."

ಡ್ರಿಲ್ ಮಾಸ್ಟರ್ ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಮಂಚಕ್ಕೆ ಹಾಕಿದ. "ಅಕ್ಕ ಎಲ್ಲಿ ಬರೀತಿದ್ಲು? ನಾನು ಬರೀತಿದ್ದೆ. ಹುಡುಗರ ಬನಿಯನ್ ಮೇಲೆ ನಂಬರು ಬರೆದೂ ಬರೆದೂ ನನ್ನ ಕೈ ದುಂಡಗಿದೆ ಅಂತ."

ಮಂಚದ ಕೆಳಗಿನಿಂದ ಟ್ರಂಕು ಎಳೆದು, ಬಟ್ಟೆಗಳ ಅಡಿಯಿಂದ ಎರಡು ರಟ್ಟಿನ ಚೀಟಿ ತೆಗೆದ. ಎರಡರ ಮೇಲೂ ಅದೇ ದುಂಡನೆಯ ಅಂಕಿಗಳು, ಮೇಲೆ ದಪ್ಪ, ಕೆಳಗೆ ಬರಬರುತ್ತ ಸಣ್ಣ.

"ಹೋದ ವರ್ಷದ್ದೊಂದು, ಈ ವರ್ಷದ್ದೊಂದು. ನೀವು ಕೇಳ್ತೀರ ಅಂತ ಬರೆದಿಟ್ಟಿದ್ದೆ. ಕೇಳ್ಲಿಲ್ಲ."

ಕ್ಷಮಿಸು ಎನ್ನುವ ಪದ ಯಜಮಾನರಿಗೆ ಎಂದೂ ಬಂದದ್ದಲ್ಲ, ಆಗಲೂ ಬರಲಿಲ್ಲ. ಗೇಟಿನವನು ಚೆನ್ನಾಗಿ ಮಾಡಿದ್ದಾನೆ ಎಂದರು. ಇವತ್ತು ಮತ್ತೆ ನೋಡ್ದೆ, ತುಂಬಾ ಚೆನ್ನಾಗಿ ಮಾಡಿದ್ದಾನೆ ಎಂದರು. ಅವನು ಹೂಂ ಎಂದ.

ಕೋಣೆ ಚಿಕ್ಕದು, ಪರೀಕ್ಷೆಗೆ ಬೇಕಾದಷ್ಟು ದೂರ ಸಿಗುವುದಿಲ್ಲ. ಕುರ್ಚಿಯನ್ನು ಹೊರಗಿನ ಉದ್ದನೆಯ ಜಗಲಿಗೆ ತಂದರು. ಗಾಜು ನೀವೇ ಹಾಕ್ಕೊಳ್ಳಿ, ನನಗೆ ಅದೆಲ್ಲ ಗೊತ್ತಾಗಲ್ಲ ಎಂದು ಹೇಳಿ ಡ್ರಿಲ್ ಮಾಸ್ಟರ್ ಹೆಜ್ಜೆ ಎಣಿಸುತ್ತ ಹೋಗಿ, ಎಂಟಕ್ಕೆ ನಿಂತು ಹಿಂದೆ ತಿರುಗಿದ. ಹಿಮ್ಮಡಿ ಜೋಡಿಸಿ, ಈ ವರ್ಷದ ಚೀಟಿಯನ್ನು ಎದೆಯ ಮೇಲೆ ಎರಡು ಕೈಯಲ್ಲಿ ಹಿಡಿದುಕೊಂಡ. ಕವಾಯತಿನಲ್ಲಿ ನಿಂತವನ ಹಾಗೆ ನೆಟ್ಟಗೆ.

ಮೊದಲ ಗಾಜಿಗೆ ಅರ್ಧ ಚೀಟಿ ಕಂಡಿತು. ಎರಡನೆಯದಕ್ಕೆ ಇನ್ನೆರಡು ಸಾಲು ತಿಳಿಯಾಯಿತು. ಮೂರನೆಯ ಗಾಜು ಹಾಕಿದಾಗ ಕಟ್ಟಕಡೆಯ ಸಾಲು ಎದ್ದು ನಿಂತಿತು. ಯಜಮಾನರು ಓದಿದರು. "ಐದು, ಎಂಟು, ಒಂದು, ಆರು, ಎರಡು, ಒಂಬತ್ತು." ಓದಿ, ಸರಿಯಾ ಎಂದು ಕೇಳಿದರು.

ಯಜಮಾನರು ಚೀಟಿಯಿಂದ ಕಣ್ಣು ಸ್ವಲ್ಪ ಮೇಲಕ್ಕೆತ್ತಿದರು. ಎಂಟು ಹೆಜ್ಜೆ ಆಚೆಯ ಆ ಮುಖ ಎರಡು ವರ್ಷದಲ್ಲಿ ಬಹಳ ಮುದಿಯಾಗಿತ್ತು. ಹುಬ್ಬು ಅಲುಗಾಡಲಿಲ್ಲ, ತುಟಿ ಅಲುಗಾಡಲಿಲ್ಲ. ಕೆಳಗಿನ ರೆಪ್ಪೆ ಮಾತ್ರ, ಕೂದಲೆಳೆಯಷ್ಟು, ನಡುಗಿ ನಿಲ್ಲುತ್ತಿತ್ತು.

"ಇನ್ನೊಂದ್ಸಲ ಓದಿ, ಭಾವ," ಎಂದ ಅವನು.

ಆರು ಅಂಕಿಯೂ ಆಗಲೇ ಬಾಯಿಪಾಠವಾಗಿದ್ದವು. ಯಜಮಾನರು ಚೀಟಿಯ ಕಡೆ ನೋಡದೆ, ಅದರ ಮೇಲಿದ್ದ ಮುಖವನ್ನೇ ನೋಡುತ್ತ, ನಿಧಾನವಾಗಿ ಒಂದೊಂದೇ ಅಂಕಿ ಹೇಳಿದರು.